ಸಿದ್ಧರಾಮನ ವಚನವನ್ನು ಎಐ ಬಳಿ ಕೇಳಬಹುದೇ?

ಸೊಲ್ಲಾಪುರದ ಓದುಬಳಗವೊಂದು ವಚನದ ಅರ್ಥ ತಿಳಿಯಲು ಚಾಟ್‌ಜಿಪಿಟಿಯಂಥ ಎಐ ನೆಚ್ಚಬಹುದೇ ಎಂಬುದು ಪ್ರಶ್ನೆ. ಅರ್ಥಕ್ಕೆ ಬಳಸಿ, ಆದರೆ ದಯವಿಟ್ಟು ವಚನವನ್ನೇ ಅದರಿಂದ ಕೇಳಬೇಡಿ. ಅದು ಮುಂದಿನ ಪದ ಯಾವುದಿರಬಹುದೆಂದು ಊಹಿಸುತ್ತ ಬರೆಯುತ್ತದೆ. ಹಾಗಾಗಿ ಕೊನೆಗೆ ಸಿದ್ಧರಾಮನ ಅಂಕಿತವಾದ (ವಚನಕಾರನ ಗುರುತಿನ ಹೆಸರಾದ) ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂದು ಸೇರಿಸಿ ಇಲ್ಲದ ವಚನವನ್ನೂ ಹುಟ್ಟಿಸಬಲ್ಲದು. ಅಂಕಿತ ಸರಿಯಿದ್ದ ಮಾತ್ರಕ್ಕೆ ವಚನ ಅಸಲಿಯಲ್ಲ.

ಮುದ್ರಿತ ಸಂಪುಟ ನೋಡಿ ಪೂರ್ತಿ ಪಾಠವನ್ನು, ವಚನದ ಸಂಖ್ಯೆಯೊಂದಿಗೆ, ನೀವೇ ಟೈಪ್ ಮಾಡಿ ಕೊಡಿ. ಆಮೇಲೆ ಒಂದೊಂದೇ ಪದ ಕೇಳಿ. ‘ಬಯಲು’ ಎಂದರೆ ಮೈದಾನ, ‘ಅಂಗ’ ಎಂದರೆ ಕೈಕಾಲು ಎಂದು ಉತ್ತರ ಬಂದರೆ ಅಲ್ಲೇ ತಿದ್ದಿ: ಶರಣರ ಬಯಲು ನಿರಾಕಾರದ ಶೂನ್ಯ, ಅಂಗವೆಂದರೆ ಲಿಂಗದೊಡನೆ ಒಂದಾಗಬೇಕಾದ ಜೀವ. ಮರಾಠಿಗೆ ಅನುವಾದ ಮಾಡಿಸುವಾಗಲೂ ಈ ಎರಡು ಪದಗಳನ್ನು ಹಾಗೆಯೇ ಉಳಿಸಿ, ಅರ್ಥವನ್ನು ಕೆಳಗೆ ಬರೆಯಿರಿ.