ಯಜಮಾನಿಕೆಯೋ ಯಾಜಮಾನ್ಯವೋ?

ಪ್ರಶ್ನೆ: ರಾಜಕೀಯ ಲೇಖನಗಳಲ್ಲಿ ‘ಯಜಮಾನಿಕೆ’, ‘ಯಾಜಮಾನ್ಯ’, ‘ಯಜಮಾನ್ಯ’ ಮೂರೂ ಕಾಣುತ್ತವೆ. ಯಾವುದು ಸರಿ? ಮನೆಯ ಯಜಮಾನರಿಗೂ ಇದಕ್ಕೂ ಏನು ಸಂಬಂಧ? ‘ಆಧಿಪತ್ಯ’ ಎಂದರೆ ಸಾಲದೆ?

ಉತ್ತರ: ಮೊದಲೆರಡು ಸರಿ, ಮೂರನೆಯದು ತಪ್ಪು. ‘ಇಕೆ’ ಕನ್ನಡದ ಪ್ರತ್ಯಯ. ಗೌಡಿಕೆ, ಪಟೇಲಿಕೆ ಇದ್ದಂತೆ ಯಜಮಾನಿಕೆ. ಸಂಸ್ಕೃತದ ‘ಯ’ ಪ್ರತ್ಯಯ ಹತ್ತಿಸಿದರೆ ಇಲ್ಲಿ ಮೊದಲ ಸ್ವರಕ್ಕೆ ವೃದ್ಧಿ (‘ಅ’ ಹೋಗಿ ‘ಆ’) ಬರಲೇಬೇಕು: ಪಂಡಿತ–ಪಾಂಡಿತ್ಯ, ಅಧಿಪತಿ–ಆಧಿಪತ್ಯ, ಯಜಮಾನ–ಯಾಜಮಾನ್ಯ. ‘ಯಜಮಾನ್ಯ’ದಲ್ಲಿ ಆ ದೀರ್ಘ ಬಿದ್ದುಹೋಗಿದೆ. ‘ಯಾಜಮಾನ್ಯತೆ’ ಎಂದೂ ಬರೆಯಬೇಡಿ. ಒಂದೇ ಕೆಲಸಕ್ಕೆ ಎರಡು ಪ್ರತ್ಯಯ ಬೇಡ.

ಮೂಲದಲ್ಲಿ ಯಜಮಾನನೆಂದರೆ ತನಗಾಗಿ ಯಜ್ಞ ಮಾಡಿಸುವವನು. ‘ಯಜಿಸು’ ಎಂಬರ್ಥದ ‘ಯಜ್’ ಧಾತು ಉಭಯಪದಿ, ಅಂದರೆ ಅದರ ಕ್ರಿಯಾರೂಪಗಳು ಪರಸ್ಮೈಪದ, ಆತ್ಮನೇಪದ ಎಂಬ ಎರಡೂ ಬಗೆಯಲ್ಲಿ ಬರುತ್ತವೆ. ಕ್ರಿಯೆಯ ಫಲ ಕರ್ತೃವಿಗೇ ಸಲ್ಲುವುದಾದರೆ ಆತ್ಮನೇಪದ ಎನ್ನುತ್ತದೆ ಪಾಣಿನಿಯ ಸೂತ್ರ (1.3.72). ಋತ್ವಿಜರು, ಅಂದರೆ ಯಜ್ಞ ನಡೆಸುವ ಪುರೋಹಿತರು, ಯಜಿಸುವುದು ಇನ್ನೊಬ್ಬನಿಗಾಗಿ, ಅವರಿಗೆ ಪರಸ್ಮೈಪದದ ‘ಯಜಂತಿ’; ದಕ್ಷಿಣೆ ಕೊಟ್ಟು ಕೂತವನಿಗೆ ಆತ್ಮನೇಪದದ ‘ಯಜತೇ’. ಆ ಆತ್ಮನೇಪದದಿಂದಲೇ ಯಜ್+ಅ+ಮ್+ಆನ, ಯಜಮಾನ. ಹೋಮ ನಡೆಯುವಲ್ಲಿ ಗಮನಿಸಿ: ತುಪ್ಪ ಸುರಿಯುವವರು ಪುರೋಹಿತರು, ‘ಅಗ್ನಯೇ ಇದಂ ನ ಮಮ’ ಎಂದು ಬಿಟ್ಟುಕೊಡಬೇಕಾದವನು ಯಜಮಾನ. ಖರ್ಚೂ ಅವನದು, ಫಲವೂ ಅವನದು. ಅಲ್ಲಿಂದ ಮನೆಯ ಹಿರಿಯ, ಗಂಡ, ಒಡೆಯ ಎಂಬ ಅರ್ಥಗಳು ಹಬ್ಬಿದವು. ಕಸುಬಿನ ಜಾತಿಗಳು ಒಡೆಯರ ಮನೆಗಳಿಗೆ ವಂಶಪಾರಂಪರ್ಯವಾಗಿ ದುಡಿಯುತ್ತಿದ್ದ ಉತ್ತರ ಭಾರತದ ‘ಜಜಮಾನಿ’ ಪದ್ಧತಿಯ ಹೆಸರಿನಲ್ಲಿರುವುದೂ ಇವನೇ.

ರಾಜಕೀಯದ ಅರ್ಥ ಸೇರಿದ್ದು ಇಂಗ್ಲಿಷಿನ ‘ಹೆಜಿಮನಿ’ (hegemony) ಪದಕ್ಕೆ ಸಾಟಿಯಾಗಿ ಬಳಸತೊಡಗಿದಾಗ. ಅದರ ಬೇರು ಗ್ರೀಕಿನಲ್ಲಿದೆ; ಅಲ್ಲಿ ‘ಹೆಗೆಮೋನ್’ ಎಂದರೆ ಮುಂದಾಳು. ಕ್ರಿ.ಪೂ. 338ರಲ್ಲಿ ಕೈರೊನಿಯಾ ಕದನದಲ್ಲಿ ಗ್ರೀಕರನ್ನು ಗೆದ್ದ ಮ್ಯಾಸಿಡೋನಿಯದ ಎರಡನೆಯ ಫಿಲಿಪ್ ಮರುವರ್ಷ ಗ್ರೀಕ್ ನಗರರಾಜ್ಯಗಳ ಕೊರಿಂಥ್ ಒಕ್ಕೂಟದ ಹೆಗೆಮೋನ್ ಆದ. ನಗರರಾಜ್ಯಗಳು ಹೆಸರಿಗೆ ಸ್ವತಂತ್ರ. ದಂಡು ನಡೆಸುವವನು ಅವನು. ಈಗಿನ ಅರ್ಥಕ್ಕೆ ಹರಿತ ಕೊಟ್ಟವರು, 1926ರಲ್ಲಿ ಮುಸೊಲಿನಿಯ ಸರ್ಕಾರ ಸೆರೆಗೆ ತಳ್ಳಿದ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಆಂಟೋನಿಯೊ ಗ್ರಾಂಶಿ. ಆಳುವವರ ಕಣ್ಣಿನಿಂದಲೇ ಜನ ಲೋಕವನ್ನು ನೋಡತೊಡಗಿ, ಇದೇ ಸಹಜವೆಂದು ಒಪ್ಪಿಕೊಳ್ಳುವುದನ್ನು ಅವರು ಜೈಲಿನ ಟಿಪ್ಪಣಿಗಳಲ್ಲಿ ಈ ಪದದಡಿ ವಿವರಿಸಿದರು.

ಹಾಗಾಗಿ ‘ಆಧಿಪತ್ಯ’ ಸಾಲದು. ಬ್ರಿಟಿಷರು ದಂಡು ಇಟ್ಟು ಕಂದಾಯ ವಸೂಲು ಮಾಡಿದ್ದು ಆಧಿಪತ್ಯ. ಇಂಗ್ಲಿಷ್ ಬಲ್ಲವನೇ ವಿದ್ಯಾವಂತ ಎಂದು ನಾವೇ ನಂಬಿದ್ದು, ಅವರು ಹೋದ ಮೇಲೂ ನಂಬುತ್ತಿರುವುದು ಯಜಮಾನಿಕೆ. ಹೋಮದ ಯಜಮಾನ ಕೈಯಲ್ಲಿ ಸೌಟು ಹಿಡಿಯಬೇಕಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಪದ ಚೆನ್ನಾಗಿ ಹೊಂದುತ್ತದೆ.

ಸರಿಯಾದ ಎರಡು ರೂಪಗಳಲ್ಲಿ, ಯಾಜಮಾನ್ಯಕ್ಕಿಂತ ನಾವು ಹೇಳುವುದು ಯಜಮಾನಿಕೆಯನ್ನೇ. ‘ಆ ಮನೇಲಿ ಯಜಮಾನಿಕೆ ಯಾರದು?’ ಎಂದು ಕೇಳುವ ಬಾಯಿಗೆ ಅದನ್ನು ಹೊಸದಾಗಿ ಕಲಿಸಬೇಕಿಲ್ಲ.