ಓದುಗರ ಪ್ರಶ್ನೆ: ಚಿಕ್ಕ ಅಡುಗೆಮನೆಯಲ್ಲಿ ನಾಲ್ವರ ಊಟಕ್ಕೆ ಜಾಗ

ಪ್ರಶ್ನೆ: ನಮ್ಮ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲವಿದೆ. ಮನೆಯಲ್ಲಿ ನಾಲ್ವರಿದ್ದೇವೆ, ಊಟವೂ ಅಲ್ಲಿಯೇ. ಉದ್ದನೆಯ ಗೋಡೆಯ ಕಿಟಕಿಯ ಕೆಳಗೆ ಸಿಂಕ್ ಇದ್ದು, ಒಲೆಯೂ ಅದೇ ಕಟ್ಟೆಯ ಮೇಲಿದೆ. ಕೋಣೆಯ ನಡುವೆ ಇಟ್ಟಿರುವ ದುಂಡು ಮೇಜಿನಿಂದಾಗಿ ಎದುರು ಗೋಡೆಯ ಫ್ರಿಜ್‌ನ ಬಾಗಿಲು ಪೂರ್ತಿ ತೆರೆಯುವುದಿಲ್ಲ; ಒಬ್ಬರು ಊಟಕ್ಕೆ ಕುಳಿತರೆ ಇನ್ನೊಬ್ಬರು ಒಲೆಯ ಬಳಿ ಹೋಗಲಾಗುವುದಿಲ್ಲ. ವಿನ್ಯಾಸಕಾರರೊಬ್ಬರು ಸಿಂಕನ್ನು ಎದುರು ಗೋಡೆಗೆ ಸಾಗಿಸಿ, ಹಳೆಯ ಕಪಾಟುಗಳನ್ನೆಲ್ಲ ತೆಗೆದು ಹೊಸದನ್ನು ಕೂರಿಸಬೇಕೆಂದು ಸೂಚಿಸಿದ್ದಾರೆ. ಅಷ್ಟು ಹಣ ಹೊಂದಿಸುವುದು ನಮ್ಮಿಂದಾಗದು. ಕಡಿಮೆ ಖರ್ಚಿನಲ್ಲಿ ದಾರಿ ಇದೆಯೇ?

ಉತ್ತರ: ಇದೆ. ಮೊದಲನೆಯದಾಗಿ, ಸಿಂಕ್ ಈಗಿರುವ ಜಾಗದಲ್ಲಿಯೇ ಇರಲಿ. ನೀರು ಬರುವ ಕೊಳವೆಯನ್ನು ಗೋಡೆಯ ಮೇಲೆ ಹೇಗೆ ಬೇಕಾದರೂ ತಿರುಗಿಸಿಕೊಂಡು ಹೋಗಬಹುದು, ಆದರೆ ಬಳಸಿದ ನೀರು ಹೊರಹೋಗುವ ಕೊಳವೆಗೆ ಇಳಿಜಾರು ಬೇಕು, ಅದೂ ಅಡಿಗೊಂದು ಕಾಲು ಇಂಚಿನಂತೆ. ಸಿಂಕನ್ನು 8 ಅಡಿ ಆಚೆಗೆ ಒಯ್ದರೆ ಇಳಿಜಾರಿಗೇ 2 ಇಂಚು ಬೇಕಾಗುತ್ತದೆ. ಕೊಳವೆಯ ದಪ್ಪ ಅದರ ಮೇಲೆ. ಇಷ್ಟನ್ನು ಅಡಗಿಸಲು ನೆಲವನ್ನು ಅಗೆಯಬೇಕು, ಇಲ್ಲವೇ ಎತ್ತರಿಸಬೇಕು, ಆಮೇಲೆ ನೀರು ಸೋರದಂತೆ ಲೇಪನ ಮಾಡಿ ಟೈಲ್ಸ್ ಹೊಸದಾಗಿ ಹಾಸಬೇಕು. ಒಂದು ಸಿಂಕಿನ ಸ್ಥಳಾಂತರವು ಇಡೀ ನೆಲದ ಕೆಲಸವಾಗಿ ಬೆಳೆಯುವುದು ಹೀಗೆ. ಒಲೆಗೆ ಗ್ಯಾಸ್ ಕೊಳವೆ ಇದ್ದರೆ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಪರವಾನಗಿ ಪಡೆದವರು ಮಾತ್ರ ಮುಟ್ಟಬೇಕಾದ್ದರಿಂದ ಆ ಕೆಲಸ ಅಗ್ಗವಾಗುವುದಿಲ್ಲ.

ಎರಡನೆಯದು, ಕಪಾಟುಗಳ ಲೆಕ್ಕಕ್ಕಿಂತ ಮೊದಲು ಮೇಜಿನ ಲೆಕ್ಕ ಮಾಡಿ. ಬಹಳಷ್ಟು ನಕ್ಷೆಗಳಲ್ಲಿ ಕಪಾಟುಗಳನ್ನು ಬಿಡಿಸಿದ ಮೇಲೆ ಉಳಿದ ಜಾಗಕ್ಕೆ ಮೇಜನ್ನು ತುರುಕಿರುತ್ತಾರೆ. ಇದಕ್ಕೊಂದು ಹಿನ್ನೆಲೆಯೂ ಇದೆ. ಕಟ್ಟೆ, ಕಪಾಟುಗಳನ್ನು ಒಟ್ಟಾಗಿ ಜೋಡಿಸಿದ ಇಂದಿನ ಅಡುಗೆಮನೆಗಳಿಗೆ ಮೂಲಮಾದರಿ ಎನ್ನಲಾಗುವ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ವಾಸ್ತುಶಿಲ್ಪಿ ಮಾರ್ಗರೆಟ್ ಶೂಟ್-ಲಿಹೋಟ್‌ಸ್ಕಿ 1926ರಲ್ಲಿ ರೂಪಿಸಿದಾಗ, ಅದನ್ನು ಅಡುಗೆಯ ಕೆಲಸಕ್ಕಷ್ಟೇ ಮೀಸಲಿಟ್ಟು ಊಟವನ್ನು ಪಕ್ಕದ ಕೋಣೆಗೆ ಬಿಟ್ಟಿದ್ದರು. ಅದರ ವಿಸ್ತೀರ್ಣ ಸುಮಾರು 70 ಚದರ ಅಡಿ, ನಿಮ್ಮದು 80. ಅಲ್ಲಿ ಬಿಟ್ಟ ಊಟವನ್ನು ನೀವು ಇಲ್ಲಿ ಸೇರಿಸಬೇಕಾಗಿದೆ, ಹೀಗಾಗಿ ಅಡುಗೆಯವರೊಬ್ಬರೇ ಇರುವ ಕೋಣೆಯ ಅಳತೆಗಳು ನಿಮಗೆ ಸಾಲವು.

ಈಗ ಟೇಪು ಹಿಡಿದು ನೋಡೋಣ. ಕಟ್ಟೆ 2 ಅಡಿ ಅಗಲವಿದ್ದರೆ ಎದುರು ಗೋಡೆಯವರೆಗೆ 6 ಅಡಿ, ಅಂದರೆ 72 ಇಂಚು ಉಳಿಯುತ್ತದೆ. ದುಂಡು ಮೇಜು ಗೋಡೆಗೆ ಒತ್ತಿಕೊಳ್ಳುವುದಿಲ್ಲ. ಅದು ಸುತ್ತಲೂ ಜಾಗ ಕೇಳುತ್ತದೆ. ಅದರ ಬದಲು 2 ಅಡಿ ಅಗಲ, 4 ಅಡಿ ಉದ್ದದ ಮೇಜನ್ನು ಎದುರು ಗೋಡೆಗೆ ತಾಗಿಸಿ ಇಡಿ. ಊಟಕ್ಕೆ ಕೂರುವ ಒಬ್ಬರಿಗೆ 2 ಅಡಿ ಅಗಲ ಬೇಕೆಂಬ ಲೆಕ್ಕದಲ್ಲಿ ಮುಂದಿನ ಬದಿಗೆ ಇಬ್ಬರು, ಎರಡು ತುದಿಗಳಲ್ಲಿ ಒಬ್ಬೊಬ್ಬರು ಕೂರಬಹುದು. ಮೇಜಿಗೂ ಕಟ್ಟೆಗೂ ನಡುವೆ 48 ಇಂಚು ಇರುತ್ತದೆ. ಕುಳಿತವರ ಹಿಂದೆ ಇನ್ನೊಬ್ಬರು ನಡೆದು ಹೋಗಲು ಮೇಜಿನ ಅಂಚಿನಿಂದ ಸುಮಾರು 44 ಇಂಚು ಇರಬೇಕೆಂಬುದು ವಿನ್ಯಾಸಕಾರರು ಬಳಸುವ ಅಳತೆಯಾದ್ದರಿಂದ, ಇಲ್ಲಿ ಒಲೆಯ ಬಳಿ ಹೋಗಲು ಯಾರನ್ನೂ ಎಬ್ಬಿಸಬೇಕಾಗಿಲ್ಲ. ಓಡಾಟವಿಲ್ಲದ ತುದಿಗಳಲ್ಲಿ ಕುರ್ಚಿಗೆ 32 ಇಂಚು ಸಾಕು. ಮೇಜಿನ ಉದ್ದ 48 ಇಂಚಿಗೆ ಎರಡು 32 ಸೇರಿಸಿದರೆ 112, ಗೋಡೆಯ ಉದ್ದ 120. ಬಿಗಿಯಾಗಿದೆ, ಆದರೆ ಹಿಡಿಸುತ್ತದೆ.

ಇದಕ್ಕೆ ಎರಡು ಷರತ್ತುಗಳಿವೆ. ಫ್ರಿಜ್ ಎದುರು ಗೋಡೆಯನ್ನು ಬಿಟ್ಟು ಕಟ್ಟೆಯ ಸಾಲಿನ ಒಂದು ತುದಿಗೆ ಬರಬೇಕು. 120 ಇಂಚಿನಲ್ಲಿ ಅದಕ್ಕೆ 28 ಕೊಟ್ಟರೆ 92 ಉಳಿಯುತ್ತದೆ. ಸಿಂಕಿಗೆ 24, ಒಲೆಗೆ 30 ಕಳೆದ ಮೇಲೂ ಹೆಚ್ಚುವುದಕ್ಕೆ, ನಾದುವುದಕ್ಕೆ ಸಿಂಕ್ ಮತ್ತು ಒಲೆಯ ನಡುವೆ 38 ಇಂಚಿನ ಕಟ್ಟೆ ಸಿಗುತ್ತದೆ. ಕಿಟಕಿ ನಟ್ಟನಡುವೆ ಇದ್ದರೆ ಸಿಂಕಿನ ಎಡಬಲದ ಹಂಚಿಕೆ ಬದಲಾಗುತ್ತದೆ, ಅದನ್ನು ಸ್ಥಳದಲ್ಲೇ ಅಳೆದು ನಿರ್ಧರಿಸಿ. ಎರಡನೆಯ ಷರತ್ತು ಅಡುಗೆಮನೆಯ ಬಾಗಿಲಿನದು. 30 ಇಂಚಿನ ಬಾಗಿಲು ಒಳಕ್ಕೆ ತೆರೆದರೆ ಸುಮಾರು 5 ಚದರ ಅಡಿ ನೆಲ ಅದರ ಓಡಾಟಕ್ಕೇ ಮೀಸಲು. ತಿರುಗಣಿ ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡುವುದು ಬಡಗಿಗೆ ದೊಡ್ಡ ಕೆಲಸವಲ್ಲ. ಆಗದಿದ್ದರೆ ಜಾರುಬಾಗಿಲು ಹಾಕಿಸಿ. ನಿಜ ಹೇಳಬೇಕೆಂದರೆ, ಬಹಳ ಮನೆಗಳಲ್ಲಿ ಅಡುಗೆಮನೆಯ ಬಾಗಿಲನ್ನು ಯಾರೂ ಮುಚ್ಚುವುದೇ ಇಲ್ಲ. ನಿಮ್ಮದೂ ಹಾಗಿದ್ದರೆ ಕಳಚಿ ಒಳಗಿಡಿ.

ಕಪಾಟುಗಳ ಬಗ್ಗೆ ನಿಮ್ಮ ವಿನ್ಯಾಸಕಾರರ ಮಾತನ್ನು ಒಪ್ಪುವ ಮೊದಲು ಬಾಗಿಲುಗಳ ಹಿಂದಿನ ಪೆಟ್ಟಿಗೆಯ ಭಾಗವನ್ನು ಪರೀಕ್ಷಿಸಿ. ಸಿಂಕಿನ ಕೆಳಗಿನ ತಳದ ಹಲಗೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ, ಉಬ್ಬಿದ್ದರೆ ಆ ಒಂದು ಪೆಟ್ಟಿಗೆಯನ್ನು ಬದಲಿಸಬೇಕು. ಉಳಿದವು ಗಟ್ಟಿಯಾಗಿದ್ದು ಮೂಲೆಗಳು ಸಡಿಲವಾಗಿಲ್ಲದಿದ್ದರೆ, ಬಾಗಿಲುಗಳನ್ನು ಮಾತ್ರ ಹೊಸದಾಗಿಸಿದರೂ ನೋಡುವವರಿಗೆ ಎಲ್ಲವೂ ಹೊಸದಾಗಿಯೇ ಕಾಣುತ್ತದೆ. ಹೀಗೆ ಉಳಿದ ಹಣವನ್ನು ಕೆಳಗಿನ ಒಂದೆರಡು ಶೆಲ್ಫುಗಳನ್ನು ಡ್ರಾಯರ್‌ಗಳಾಗಿ ಮಾಡಿಸಲು, ಒಳ್ಳೆಯ ತಿರುಗಣಿ, ಡ್ರಾಯರ್ ಜಾರುವ ಚಾನೆಲ್ ಮತ್ತು ನಲ್ಲಿ ಕೊಳ್ಳಲು ಬಳಸಿ. ದಿನಕ್ಕೆ ಹತ್ತಾರು ಬಾರಿ ಕೈ ಬೀಳುವ ವಸ್ತುಗಳಲ್ಲಿ ಅಗ್ಗದ್ದನ್ನು ಆರಿಸಿದರೆ ಎರಡು ಬಾರಿ ಕೊಳ್ಳಬೇಕಾಗುತ್ತದೆ. ಕಟ್ಟೆಯ ಹಿಂದಿನ ಟೈಲ್ಸ್ ತಟ್ಟಿದಾಗ ಟೊಳ್ಳು ಸದ್ದು ಬಾರದಿದ್ದರೆ ಅದರ ಮೇಲೆಯೇ ಹೊಸ ಟೈಲ್ಸ್ ಅಂಟಿಸಬಹುದು, ಆದರೆ ಸ್ವಿಚ್ ಪೆಟ್ಟಿಗೆಗಳನ್ನು ಅಷ್ಟು ಮುಂದಕ್ಕೆ ತರಬೇಕಾಗುತ್ತದೆಂಬುದು ನೆನಪಿರಲಿ.

ಬೆಳಕಿಗೆ ಹೆಚ್ಚು ಹಣ ಬೇಡ. ಮೇಲಿನ ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿಯೊಂದನ್ನು ಹಾಕಿದರೆ ನಿಮ್ಮದೇ ನೆರಳಿನಲ್ಲಿ ನಿಂತು ಹೆಚ್ಚುವುದು ತಪ್ಪುತ್ತದೆ. ಮೇಜಿನ ಮೇಲೆ ಪ್ರತ್ಯೇಕ ಸ್ವಿಚ್ಚಿನ ಒಂದು ದೀಪ, ಮೇಜಿನಿಂದ 30 ಇಂಚು ಎತ್ತರದಲ್ಲಿ, ಬೆಚ್ಚನೆಯ ಬಣ್ಣದ್ದು. ವೈರಿಂಗ್ ಕೆಲಸವೆಲ್ಲ ಗಾರೆ ಮತ್ತು ಬಣ್ಣಕ್ಕಿಂತ ಮೊದಲೇ ಮುಗಿಯಬೇಕು. ಒಟ್ಟು ಹಣದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಮುಟ್ಟದೆ ಇಡಿ, ಮನೆ ಹಳೆಯದಾಗಿದ್ದರೆ ಅದಕ್ಕಿಂತ ಹೆಚ್ಚು. ಕಪಾಟು ಸರಿಸಿದಾಗ ಅದರ ಹಿಂದೆ ಒದ್ದೆ ಗೋಡೆ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ.

ಪ್ರಶ್ನೆ: ಕಪಾಟಿನ ಬಾಗಿಲುಗಳಿಗೆ ನಾವೇ ಬಣ್ಣ ಹಚ್ಚಿದೆವು. ತಿಂಗಳೊಳಗೆ ಹಿಡಿಕೆಗಳ ಸುತ್ತ ಸಿಪ್ಪೆಯಂತೆ ಏಳುತ್ತಿದೆ. ಬಣ್ಣ ಕಳಪೆಯೇ?

ಉತ್ತರ: ಬಣ್ಣಕ್ಕಿಂತ ಅದರ ಕೆಳಗಿರುವ ಜಿಡ್ಡಿನ ಮೇಲೆಯೇ ಅನುಮಾನ ಹೆಚ್ಚು. ಹಿಡಿಕೆಯ ಸುತ್ತಲೂ ಕೈಯ ಎಣ್ಣೆ, ಒಗ್ಗರಣೆಯ ಹಬೆ ವರ್ಷಗಟ್ಟಲೆ ಕೂತಿರುತ್ತದೆ. ಎದ್ದಿರುವುದನ್ನು ಕೆರೆದು, ಜಿಡ್ಡು ತೆಗೆಯುವ ದ್ರಾವಣದಿಂದ ಎರಡು ಬಾರಿ ತೊಳೆದು, ಪೂರ್ತಿ ಒಣಗಿದ ಮೇಲೆ ಮರಳುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ. ಲ್ಯಾಮಿನೇಟ್ ಇದ್ದರೆ ನುಣುಪು ಮೇಲ್ಮೈಗೆ ಹಿಡಿಯುವ ಪ್ರೈಮರ್ ಅಗತ್ಯ; ಗೋಡೆಯ ಪ್ರೈಮರ್ ಅಲ್ಲಿ ನಿಲ್ಲುವುದಿಲ್ಲ. ಬಣ್ಣವನ್ನು ತೆಳುವಾಗಿ ಎರಡು ಬಾರಿ ಹಚ್ಚಿ. ಮುಟ್ಟಿದಾಗ ಒಣಗಿದಂತಿದ್ದರೂ ಅದು ಗಟ್ಟಿಯಾಗಲು ಕೆಲವು ವಾರಗಳೇ ಬೇಕು, ಅಲ್ಲಿಯವರೆಗೆ ಒದ್ದೆ ಬಟ್ಟೆಯಿಂದ ತಿಕ್ಕಬೇಡಿ.

ಪ್ರಶ್ನೆ: ಮೇಜಿನ ಬದಲು ಕಟ್ಟೆಯನ್ನೇ ಮುಂದಕ್ಕೆ ಚಾಚಿ ಎತ್ತರದ ಸ್ಟೂಲು ಹಾಕಿದರೆ ಜಾಗ ಉಳಿಯುವುದಿಲ್ಲವೇ? ನಮ್ಮ ಅತ್ತೆಯವರಿಗೆ ಮೊಣಕಾಲು ನೋವಿದೆ.

ಉತ್ತರ: ಸ್ವಲ್ಪ ಉಳಿಯುತ್ತದೆ, ಆದರೆ ನಿಮ್ಮ ಮನೆಗೆ ಅದನ್ನು ನಾನು ಸೂಚಿಸಲಾರೆ. 36 ಇಂಚಿನ ಕಟ್ಟೆಗೆ ಸ್ಟೂಲಿನ ಆಸನ 24ರಿಂದ 26 ಇಂಚು ಎತ್ತರವಿರಬೇಕು; ಮೊಣಕಾಲಿನ ತೊಂದರೆ ಇರುವವರಿಗೆ ಅದನ್ನು ಏರುವುದೂ ಇಳಿಯುವುದೂ ಕಷ್ಟ, ಹಿಡಿದುಕೊಳ್ಳಲು ಕೈಯೂ ಇರುವುದಿಲ್ಲ. 30 ಇಂಚು ಎತ್ತರದ ಸಾಮಾನ್ಯ ಮೇಜು, 18 ಇಂಚು ಎತ್ತರದ ಕೈಯಿರುವ ಕುರ್ಚಿ ಅವರಿಗಿರಲಿ. ಜಾಗ ತೀರಾ ಇಕ್ಕಟ್ಟಾಗಿದ್ದರೆ ಗೋಡೆಗೆ ತಿರುಗಣಿ ಹಾಕಿದ ಮಡಿಸುವ ಮೇಜನ್ನು ಮಾಡಿಸಿ. ಆದರೆ ಅದರ ಆಧಾರದ ಬ್ರಾಕೆಟ್ಟುಗಳು ಗಾರೆಗಷ್ಟೇ ಅಲ್ಲ, ಒಳಗಿನ ಇಟ್ಟಿಗೆಗೆ ತಲುಪುವಂತೆ ಬೋಲ್ಟ್ ಮಾಡಿರಬೇಕು, ಏಕೆಂದರೆ ಏಳುವಾಗ ಅವರು ತಮ್ಮ ಭಾರವನ್ನೆಲ್ಲ ಅದರ ಅಂಚಿನ ಮೇಲೆಯೇ ಹಾಕುತ್ತಾರೆ.