ದರಕು ಗುಡಿಸುವವರ ಹೆಸರೇನು?

ಆತ್ಮೀಯರೇ, ನಮಸ್ಕಾರ.

ನಿಮ್ಮ ‘ಹೆಣ್ಣು, ಮಣ್ಣು ಮತ್ತು ಪ್ರಕೃತಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಎರಡು ಪುಟ ಬರೀ ವ್ಯಾಖ್ಯಾನ. ಇಕೋಫೆಮಿನಿಸಂ ಅಂದರೇನು, ಯಾರು ಏನು ಹೇಳಿದರು ಎಂದು ಶುರುವಾಗಿ ಮುಗಿಯುವುದೇ ಇಲ್ಲ. ‘ಸ್ತ್ರೀ ಮತ್ತು ನಿಸರ್ಗದ ಅವಿನಾಭಾವ ಸಂಬಂಧ’ ಅನ್ನುವ ಮಾತು ನಾಲ್ಕು ಸಲ ಬಂದಿದೆ. ಓದುವವರಿಗೆ ಇಷ್ಟು ಸಾಕು: ಈ ಹೆಸರು ಫ್ರೆಂಚ್ ಲೇಖಕಿ ಫ್ರಾನ್ಸ್ವಾಸ್ ದೋಬೊನ್ ಅವರ 1974ರ ಪುಸ್ತಕದಿಂದ ಬಂತು. ಹೆಣ್ಣನ್ನು ಅದುಮುವುದೂ ನೆಲವನ್ನು ಸುಲಿಯುವುದೂ ಒಂದೇ ಬೇರಿನಿಂದ ಬಂದವು ಅನ್ನುವುದು ಅವರ ವಾದ. ಉಳಿದದ್ದನ್ನು ತೆಗೆದುಬಿಡಿ.

ಇನ್ನು ಚಿಪ್ಕೋ, ಹಿಮಾಲಯದ ಕಡೆ ಮರ ತಬ್ಬಿ ಉಳಿಸಿದ ಚಳವಳಿ. ಅಲ್ಲಿನ ರೇಣಿ ಊರಿನಲ್ಲಿ ಸುಂದರಲಾಲ್ ಬಹುಗುಣ ಅವರು ಹೆಂಗಸರನ್ನು ಮುನ್ನಡೆಸಿದರು ಎಂದು ಬರೆದಿದ್ದೀರಿ. ಇದು ತಪ್ಪು. 1974ರ ಮಾರ್ಚ್ 26ರಂದು ರೇಣಿಯ ಗಂಡಸರು ಊರಲ್ಲೇ ಇರಲಿಲ್ಲ. ಸೇನೆಗೆ ಹೋದ ಜಮೀನಿನ ಪರಿಹಾರ ಕೊಡುತ್ತೇವೆ ಅಂದಿದ್ದಕ್ಕೆ ಚಮೋಲಿಗೆ ಹೋಗಿದ್ದರು. ಕಡಿಯಲು ಗುರುತು ಹಾಕಿದ್ದ ಮರಗಳು ಸುಮಾರು 2,500. ಕೊಡಲಿ ಹಿಡಿದವರು ಕಾಡಿನ ಕಡೆ ಹೋಗುವುದನ್ನು ನೋಡಿದ್ದು ಒಬ್ಬ ಹುಡುಗಿ. ಓಡಿಬಂದು ಗೌರಾ ದೇವಿಗೆ ಹೇಳಿದಳು. ಗೌರಾ ದೇವಿ ಊರಿನ ಮಹಿಳಾ ಮಂಗಲ ದಳದ ಮುಖ್ಯಸ್ಥೆ, ಗಂಡನನ್ನು ಕಳೆದುಕೊಂಡವರು. ಇಪ್ಪತ್ತೇಳು ಜನ ಹೆಂಗಸರು, ಹುಡುಗಿಯರನ್ನು ಕಟ್ಟಿಕೊಂಡು ಹೋಗಿ ನಿಂತರು. ರಾತ್ರಿಯಿಡೀ ಕಾವಲು ಕಾದರು. ನಾಲ್ಕು ವರ್ಷ ಹಿಂದೆ, 1970ರಲ್ಲಿ, ಅಲಕನಂದಾ ಉಕ್ಕಿ ಕಣಿವೆಯನ್ನೇ ಕೊಚ್ಚಿಹಾಕಿದ್ದು ಅವರಿಗೆ ಮರೆತಿರಲಿಲ್ಲ. ಮೇಲಿನ ಮರ ಹೋದರೆ ಕೆಳಗಿನ ಮನೆ ಹೋಗುತ್ತದೆ ಅನ್ನುವುದು ಅವರು ಕಣ್ಣಾರೆ ಕಂಡ ಲೆಕ್ಕ.

ಇನ್ನೊಂದು ಸಣ್ಣ ಪದ. ಗೌರಾ ದೇವಿ ‘ಕಾಡು ನಮ್ಮ ತಾಯಿ’ ಅಂದರು ಎಂದು ನೀವು ಬರೆದಿದ್ದೀರಿ. ಅವರು ಬಳಸಿದ್ದಾಗಿ ಹೇಳುವ ಪದ ‘ಮಾಯಕಾ’. ಅಂದರೆ ತವರು. ಕನ್ನಡದಲ್ಲಿ ಬರೆಯುವ ನೀವು ಇದನ್ನು ಹೇಗೆ ಕೈಬಿಟ್ಟಿರಿ? ತಾಯಿ ಅಂದರೆ ಎಲ್ಲವನ್ನೂ ಕೊಡುವವಳು, ಏನನ್ನೂ ಕೇಳದವಳು. ತವರು ಹಾಗಲ್ಲ. ಕಷ್ಟ ಬಂದಾಗ ಹೋಗಿ ನಿಲ್ಲುವ ಜಾಗ ಅದು. ನಮ್ಮದು ಅಂತ ಅನ್ನಿಸುತ್ತದೆ, ಆದರೆ ಕಾಗದದಲ್ಲಿ ನಮ್ಮದಲ್ಲ. ಅಣ್ಣ ಬಾಗಿಲು ಹಾಕಿದರೆ ಮುಗಿಯಿತು. ಆ ಕಾಡಿಗೂ ಆ ಹೆಂಗಸರಿಗೂ ಇದ್ದ ಸಂಬಂಧ ಸರಿಯಾಗಿ ಅದೇ ಅಲ್ವಾ? ಹುಲ್ಲು, ಸೌದೆ, ದನಗಳ ಮೇವು ಎಲ್ಲಾ ಅಲ್ಲಿಂದಲೇ. ಹರಾಜು ಹಾಕುವ ಅಧಿಕಾರ ಮಾತ್ರ ಬೇರೆಯವರದು.

ನನ್ನ ದೊಡ್ಡ ತಕರಾರು ಇರುವುದೂ ಇಲ್ಲೇ. ನಿಮ್ಮ ಲೇಖನದುದ್ದಕ್ಕೂ ಹೆಣ್ಣು ಅಂದರೆ ಭೂಮಿ, ಭೂಮಿ ಅಂದರೆ ಹೆಣ್ಣು. ಇಬ್ಬರೂ ಸಹಿಸುತ್ತಾರೆ, ಇಬ್ಬರೂ ಪೊರೆಯುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹೀಗೆ ಹೇಳುತ್ತಾ ಹೇಳುತ್ತಾ ಕೆಲಸವೂ ಕೂಲಿಯೂ ಕಣ್ಣಿಗೆ ಬೀಳದ ಹಾಗೆ ಆಗುತ್ತದೆ. ತುಳಸಿ ಗೌಡ ಅವರನ್ನು ‘ವನದೇವತೆ’ ಅಂದಿದ್ದೀರಿ. ಅವರು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ಹೆಂಗಸು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿದವರು. ಯಾವುದು ತಾಯಿಮರ, ಅದರ ಬೀಜವನ್ನು ಯಾವಾಗ ಆರಿಸಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಅದು ವರ್ಷಗಟ್ಟಲೆ ಮಣ್ಣಲ್ಲಿ ಕೈಯಿಟ್ಟು ಕಲಿತ ವಿದ್ಯೆ. ಹೆಣ್ಣಾಗಿದ್ದಕ್ಕೆ ಸುಮ್ನೆ ಬಂದದ್ದಲ್ಲ. ದೇವತೆ ಅಂದರೆ ಆ ದಿನಗೂಲಿಯ ವರ್ಷಗಳು ಎಲ್ಲಿ ಹೋದವು?

ಪರಿಸರ ಚಿಂತಕಿ ವಂದನಾ ಶಿವ ಮತ್ತು ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ‘ಇಬ್ಬರೂ ಇದನ್ನೇ ಹೇಳುತ್ತಾರೆ’ ಎಂದಿದ್ದೀರಿ. ಇಲ್ಲ, ಹೇಳುವುದಿಲ್ಲ. ಶಿವ ಅವರು ಪ್ರಕೃತಿಯನ್ನೇ ಹೆಣ್ಣಿನ ಶಕ್ತಿಯಾಗಿ ನೋಡುತ್ತಾರೆ. ಅಗರ್ವಾಲ್ 1992ರ ತಮ್ಮ ಪ್ರಬಂಧದಲ್ಲಿ ಇದನ್ನೇ ಪ್ರಶ್ನಿಸಿದರು. ಕಾಡಿನ ಜೊತೆ ಹೆಣ್ಣಿನ ನಂಟು ಹುಟ್ಟಿನಿಂದ ಬರುವುದಲ್ಲ. ಯಾರು ಯಾವ ಕೆಲಸ ಮಾಡುತ್ತಾರೆ, ಆಸ್ತಿ ಯಾರ ಕೈಯಲ್ಲಿದೆ, ಜಾತಿ ವರ್ಗ ಯಾವುದು ಅನ್ನುವುದರಿಂದ ಬರುತ್ತದೆ ಎಂದರು. ನಾನು ಅಗರ್ವಾಲ್ ಕಡೆ. ನೀವು ಶಿವ ಅವರ ಕಡೆ ನಿಂತರೂ ಬೇಸರವಿಲ್ಲ. ಆದರೆ ಜಗಳ ಇದೆ ಅನ್ನುವುದನ್ನು ಮುಚ್ಚಬೇಡಿ.

ಈಗ ಐದನೇ ಪುಟಕ್ಕೆ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ. ಅಲ್ಲಿ ನಿಮ್ಮದೊಂದು ವಾಕ್ಯವಿದೆ: ‘ಅಜ್ಜಿಯ ಸೊಪ್ಪಿನ ಬೆಟ್ಟಕ್ಕೆ ದರಕು ಗುಡಿಸಲು ಬರುತ್ತಿದ್ದ ಹೆಂಗಸರು ಹೊರೆ ಹೊತ್ತು ಇಳಿಯುವಾಗ ಮುಖ ಕಾಣುತ್ತಿರಲಿಲ್ಲ, ಪಾದ ಮಾತ್ರ ಕಾಣುತ್ತಿತ್ತು.’ ಇದನ್ನು ಓದಿ ನಾನು ನಿಂತುಬಿಟ್ಟೆ. ಶಿರಸಿ ಕಡೆ ನಾನೂ ನೋಡಿದ್ದೇನೆ. ಸೊಪ್ಪಿನ ಬೆಟ್ಟ ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು. ದರಕನ್ನು, ಅಂದರೆ ಉದುರಿ ಒಣಗಿದ ಎಲೆಯನ್ನು ಗುಡ್ಡೆ ಮಾಡಿ, ಕಲ್ಲಿ ಅನ್ನುವ ಹಗ್ಗದ ಬಲೆಗೆ ತುಂಬಿ, ಕಾಲಿಂದ ಒತ್ತಿ ಒತ್ತಿ ಕಟ್ಟುತ್ತಾರೆ. ತಲೆಗೆ ಏರಿಸಲು ಇನ್ನೊಬ್ಬರು ಬೇಕು. ಆ ಎಲೆ ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ, ಅಡಿಕೆ ಮರದ ಬುಡಕ್ಕೆ ಬೀಳುತ್ತದೆ. ತೋಟದ ಅಡಿಕೆ ಇವರ ಕತ್ತಿನ ಮೇಲೆ ನಡೆದು ಬಂದಿದೆ.

ಆದರೆ ನೀವು ಆ ಒಂದು ವಾಕ್ಯ ಬರೆದು ಮತ್ತೆ ಭೂಮಿತಾಯಿಯ ಕಡೆ ಹೊರಳಿಬಿಟ್ಟಿರಿ. ನಿಮ್ಮ ಲೇಖನದಲ್ಲಿ ಅಜ್ಜಿಗೆ ಹೆಸರಿದೆ. ಕೊಟ್ಟಿಗೆಯ ಎಮ್ಮೆಗೂ ಹೆಸರಿದೆ. ಆ ಹೆಂಗಸರಿಗಿಲ್ಲ. ಅವರು ಯಾವ ಕೇರಿಯವರು? ಒಂದು ಹೊರೆಗೆ ಎಷ್ಟು ಸಿಗುತ್ತಿತ್ತು? ಹೊರೆ ಎಣಿಸುತ್ತಿದ್ದವರು ಯಾರು? ಅವರ ಮನೆಯ ಒಲೆಗೆ ಸೌದೆ ಎಲ್ಲಿಂದ? ನಿಮ್ಮ ಮನೆಗೆ ಸೊಪ್ಪಿನ ಬೆಟ್ಟ ಇದ್ದು ಅವರಿಗೆ ಯಾಕಿರಲಿಲ್ಲ? ಬ್ರಿಟಿಷರ ಕಾಲದಿಂದಲೂ ಬೆಟ್ಟದ ಹಕ್ಕು ತೋಟ ಇದ್ದವರಿಗೆ. ತೋಟ ಇಲ್ಲದವರು ಅದೇ ಕಾಡಿಗೆ ಹೋದರೆ ಗಾರ್ಡ್ ಕತ್ತಿ ಕಸಿಯುತ್ತಾನೆ. ಅಜ್ಜಿಯೂ ಹೆಣ್ಣು, ಹೊರೆ ಹೊತ್ತವರೂ ಹೆಣ್ಣು. ‘ಮಹಿಳೆಯರು’ ಅಂತ ಒಟ್ಟಿಗೆ ಹೇಳಿದರೆ ಈ ಅಂತರ ಎಲ್ಲೂ ಕಾಣಿಸುವುದಿಲ್ಲ.

ಅಜ್ಜಿಯ ಬೆಟ್ಟ ಅಂದಿರಿ. ಪಹಣಿಯಲ್ಲಿ ಅವರ ಹೆಸರಿತ್ತೇ? ಒಮ್ಮೆ ತೆಗೆಸಿ ನೋಡಿ. ಹಿಂದೂ ಕುಟುಂಬಗಳಲ್ಲಿ ನಮ್ಮ ರಾಜ್ಯದಲ್ಲಿ 1994ರಿಂದ (ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು), ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ. ನಿಮ್ಮ ಇಬ್ಬರು ಅತ್ತೆಯಂದಿರು ಹಕ್ಕು ಬಿಟ್ಟು ಸಹಿ ಹಾಕಿದ್ದನ್ನು ‘ತ್ಯಾಗ’ ಅಂತ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಯಾಕೆ ಹಾಕಿದರು ಅಂತ ಕೇಳಿದ್ದೀರಾ? ತವರಿನ ಬಾಗಿಲು ತೆರೆದಿರಲಿ ಅಂತಲೇ ಎಷ್ಟೋ ಹೆಣ್ಣುಮಕ್ಕಳು ಸಹಿ ಹಾಕುವುದು. ಗೌರಾ ದೇವಿಯ ಮಾತು ನಿಮ್ಮ ಮನೆಯ ಜಗುಲಿಗೇ ಬಂದು ಕೂತಿದೆ.

2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಓದಿಕೊಳ್ಳಿ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಆಗಬೇಕು ಎಂದು ಅದರಲ್ಲೇ ಇದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದದ್ದಕ್ಕೆ ಪುರಾವೆ ಕೊಡಬೇಕು. ದರಕು ಗುಡಿಸಿದವರ ಹತ್ತಿರ ಯಾವ ಕಾಗದ ಇರುತ್ತದೆ?

ನಮ್ಮ ಕಡೆ ಮರ ಅಪ್ಪಿಕೊಂಡು ಉಳಿಸಿದ ಅಪ್ಪಿಕೋ ಚಳವಳಿಯ ಪ್ಯಾರಾ ಇರಲಿ, ಚೆನ್ನಾಗಿದೆ. ಅದರ ಪಕ್ಕಕ್ಕೆ ಕುಸನೂರನ್ನು ಸೇರಿಸಿ. ಊರಿನ ಗೋಮಾಳ, ಸಿ ಮತ್ತು ಡಿ ವರ್ಗದ ಸರ್ಕಾರಿ ಪಾಳು ಭೂಮಿಯನ್ನು ಕಾಗದದ ಕಚ್ಚಾವಸ್ತುವಿಗಾಗಿ ನೀಲಗಿರಿ ಬೆಳೆಸಲು ಕೊಟ್ಟಾಗ, 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಆ ಊರಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅನ್ನುವ ಹೆಸರೇ ಎಷ್ಟು ನೇರವಾಗಿದೆ ನೋಡಿ. ನೀಲಗಿರಿ ಸೊಪ್ಪನ್ನು ದನ ಮೂಸುವುದಿಲ್ಲ. ಮೇವಿಗೆ ದೂರ ನಡೆಯಬೇಕಾಗುವುದು ಯಾರು ಎಂದು ಬೇರೆ ಹೇಳಬೇಕಿಲ್ಲ.

ಮತ್ತೆ ಬರೆಯಿರಿ. ಐದನೇ ಪುಟದ ವಾಕ್ಯದಿಂದಲೇ ಶುರು ಮಾಡಿ. ಆ ಹೆಂಗಸರಲ್ಲಿ ಒಬ್ಬರಾದರೂ ಇದ್ದಾರೆ ಎಂದು ಬರೆದಿದ್ದೀರಿ. ಹೋಗಿ ಮಾತಾಡಿಸಿ. ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಿ, ಬೇಡ ಅಂದರೆ ಬಿಡಿ. ಬರೆದದ್ದನ್ನು ಕಳಿಸುವ ಮೊದಲು ಅವರಿಗೆ ಓದಿ ಹೇಳಿ. ಮಳೆಗಾಲ ಹಿಡಿಯುವ ಮುಂಚೆಯೇ ಹೋಗಿ. ಮಳೆ ಬಿದ್ದರೆ ಎಲೆ ನೆನೆದು ನೆಲಕ್ಕೆ ಅಂಟುತ್ತದೆ, ಗುಡಿಸುವವರು ಬೆಟ್ಟಕ್ಕೆ ಬರುವುದಿಲ್ಲ.